ಚಳಿಗಾಲದ ಬಾನನ್ನು ಓದುವ ಬಗೆ



ಮಳೆಗಾಲದ ಮೋಡವನ್ನು ಗಮನಿಸದವರಿಲ್ಲ. ಚಳಿಗಾಲದ ಮೋಡವನ್ನು ಗಮನಿಸುವವರು ಕಡಿಮೆ. ಆದರೆ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ವರ್ಷದ ದುಡಿಮೆಯ ಫಲ ಕೈಸೇರುವುದು ಈ ಕಾಲದಲ್ಲಿಯೇ. ಭತ್ತದ ಕೊಯ್ಲು ಮುಗಿಯುತ್ತಿರುತ್ತದೆ, ಅಡಿಕೆ ಅಂಗಳದಲ್ಲಿ ಒಣಗುತ್ತಿರುತ್ತದೆ, ಮಾವು ಗೇರುಗಳು ಹೂವಾಗುತ್ತವೆ, ಸಾಣಿಕಟ್ಟಾದ ಉಪ್ಪಿನ ಆಗರಗಳು ಸಿದ್ಧಗೊಳ್ಳುತ್ತವೆ, ದಡದಲ್ಲಿ ಮೀನು ಒಣಗುತ್ತದೆ. ಚಾಲಿ ಅಡಿಕೆಗೆ ಸುಮಾರು 40ರಿಂದ 45 ದಿನಗಳ ಬಿಸಿಲು ಬೇಕು. ನಡುವೆ ಒಂದು ಮಳೆ ಬಿದ್ದರೆ ಬೂಷ್ಟು ಹಿಡಿದು ಬಣ್ಣ ಕೆಡುತ್ತದೆ, ದರ ಇಳಿಯುತ್ತದೆ. ಆದುದರಿಂದ ಮೋಡದ ಅರಿವು ಪುಸ್ತಕದ ಪಾಠ ಮಾತ್ರವಲ್ಲ, ಮನೆಯ ಲೆಕ್ಕಾಚಾರವೂ ಹೌದು.

ಮೋಡವೆಂದರೇನು? ನೀರಾವಿಯುಳ್ಳ ಗಾಳಿ ಮೇಲೇರಿದಂತೆ ಹಿಗ್ಗಿ ತಣಿಯುತ್ತದೆ. ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ ಸೆಲ್ಸಿಯಸ್. ಒಂದು ಹಂತದಲ್ಲಿ ಅದು ತನ್ನಲ್ಲಿನ ಆವಿಯನ್ನು ಹಿಡಿದಿಡಲಾರದೆ ಹೋಗುತ್ತದೆ. ಆಗ ಸಮುದ್ರದ ಉಪ್ಪಿನ ಕಣ, ಧೂಳು, ಹೊಗೆಯ ಕಣಗಳ ಮೇಲೆ ಆವಿ ಹನಿಗಟ್ಟುತ್ತದೆ. ಇಂಥ ಸೂಕ್ಷ್ಮ ಹನಿಗಳ ಸಮೂಹವೇ ಮೋಡ. ಸಾಧಾರಣ ಗಾತ್ರದ ಒಂದು ಮಳೆಹನಿಯಾಗಲು ಸುಮಾರು ಹತ್ತು ಲಕ್ಷ ಮೋಡದ ಹನಿಗಳು ಕೂಡಬೇಕು. ಮೋಡಗಳೆಲ್ಲ ಮಳೆಗರೆಯದಿರುವುದಕ್ಕೆ ಇದೂ ಒಂದು ಕಾರಣ.

ಮೋಡದ ತಳ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಶಾಲಾಮಕ್ಕಳೂ ಅಂದಾಜಿಸಬಹುದು. ಗಾಳಿಯ ಉಷ್ಣಾಂಶ ಮತ್ತು ಇಬ್ಬನಿ ಕಟ್ಟುವ ಉಷ್ಣಾಂಶ ಇವುಗಳ ವ್ಯತ್ಯಾಸವನ್ನು 125ರಿಂದ ಗುಣಿಸಿದರೆ ಮೀಟರ್ ಲೆಕ್ಕದಲ್ಲಿ ಉತ್ತರ ದೊರೆಯುತ್ತದೆ. ಆಷಾಢದಲ್ಲಿ ಅವು 27 ಮತ್ತು 25 ಡಿಗ್ರಿ ಎಂದಿಟ್ಟುಕೊಂಡರೆ ಮೋಡದ ತಳ 250 ಮೀಟರ್. ಘಟ್ಟದ ತಲೆ ಮೋಡದೊಳಗೆ ಹುದುಗುತ್ತದೆ. ಪುಷ್ಯಮಾಸದ ಮಧ್ಯಾಹ್ನ 32 ಮತ್ತು 20 ಡಿಗ್ರಿ ಇದ್ದರೆ ತಳ 1500 ಮೀಟರಿಗೇರುತ್ತದೆ. ಗುಡ್ಡಗಳು ಬತ್ತಲೆಯಾಗಿ ಕಾಣುತ್ತವೆ.

1802ರಲ್ಲಿ ಲಂಡನ್ನಿನ ಲ್ಯೂಕ್ ಹೊವಾರ್ಡ್ ಎಂಬವರು ಮೋಡಗಳಿಗೆ ಆಕಾರದ ಮೇಲೆ ಹೆಸರಿಡುವ ಕ್ರಮವನ್ನು ಮಂಡಿಸಿದರು. ಅದೇ ಇಂದಿನ ಜಾಗತಿಕ ವರ್ಗೀಕರಣಕ್ಕೆ ಬುನಾದಿ. ಇದರಲ್ಲಿ ನಾಲ್ಕು ಬಗೆಗಳನ್ನು ಗುರುತಿಸಲು ಕಲಿತರೆ ಚಳಿಗಾಲಕ್ಕೆ ಸಾಕು.

ಮೊದಲನೆಯದು ಪದರುಮೋಡ. ನಿರಭ್ರ ರಾತ್ರಿಯಲ್ಲಿ ನೆಲದ ಕಾವು ಬಾನಿಗೆ ಹರಿದುಹೋಗುತ್ತದೆ. ತಣಿದ ಭಾರದ ಗಾಳಿ ಇಳಿಜಾರಿನಿಂದ ಕಣಿವೆಗೆ ಜಾರುತ್ತದೆ. ತೋಟದ ತೇವ, ಹೊಳೆಯ ತೇವ ಅಲ್ಲಿಯೇ ಹನಿಗಟ್ಟಿದಾಗ ಮಂಜು ಮುಸುಕುತ್ತದೆ. ಮಂಜೆಂದರೆ ನೆಲಕ್ಕಿಳಿದ ಪದರುಮೋಡವೇ. ಬಿಸಿಲೇರಿದಂತೆ ಕರಗುವ ಇಂಥ ಮಂಜು ಒಣಹವೆಯ ದಿನದ ಸೂಚನೆ.

ಎರಡನೆಯದು ರಾಶಿಮೋಡ. ಹಗಲು ಕಾದ ನೆಲದಿಂದ ಮೇಲೇಳುವ ಗಾಳಿ ಅರಳೆಯ ಗುಪ್ಪೆಗಳಂತೆ ನಿಲ್ಲುತ್ತದೆ. ಅದರ ನೆತ್ತಿ ಬೆಳೆಯದೆ ಸಂಜೆಗೆ ಕರಗಿದರೆ ಭಯವಿಲ್ಲ. ಕೋಸುಗಡ್ಡೆಯಂತೆ ಉಬ್ಬುತ್ತ ಮೇಲೇರಿದರೆ ಎಚ್ಚರ ಬೇಕು. ಅದು ಬೆಳೆದು ಮೂರನೆಯದಾದ ರಾಶಿವೃಷ್ಟಿ ಮೋಡವಾಗಬಹುದು. ಹತ್ತು ಕಿಲೋಮೀಟರಿಗೂ ಮಿಕ್ಕಿ ಏರಿ, ತಲೆ ಅಡಿಗಲ್ಲಿನಂತೆ ಚಪ್ಪಟೆಯಾಗುವ ಈ ಮೋಡವೇ ಅಕ್ಟೋಬರ್, ನವೆಂಬರ್ ಸಂಜೆಗಳ ಗುಡುಗು ಸಿಡಿಲಿನ ಮೂಲ. ಗುಡುಗು ಕೇಳಿಸಿತೆಂದರೆ ಸಿಡಿಲಿನ ವ್ಯಾಪ್ತಿಯಲ್ಲಿದ್ದಂತೆ. ಅಡಿಕೆ ಎತ್ತುವುದಕ್ಕಿಂತ ಮೊದಲು ಜೀವ ಉಳಿಸಿಕೊಳ್ಳಬೇಕು.

ನಾಲ್ಕನೆಯದು ಹಿಮಕಣ ಮೋಡ. ಆರು ಕಿಲೋಮೀಟರಿಗೂ ಎತ್ತರದಲ್ಲಿ ಹಕ್ಕಿಯ ಗರಿಯಂತೆ ಎಳೆಎಳೆಯಾಗಿರುತ್ತದೆ. ಅದು ತೆಳುಪರದೆಯಾಗಿ ಹರಡಿ ಚಂದ್ರನ ಸುತ್ತ ಬಳೆ ಕಟ್ಟಿದರೆ ದೂರದಲ್ಲೆಲ್ಲೋ ವಾಯುಭಾರ ಕುಸಿದಿರಬಹುದು. ಇದು ಸೂಚನೆಯಷ್ಟೇ, ನಿರ್ಣಯವಲ್ಲ.

ಸಾಮಾನ್ಯ ಚಳಿಗಾಲದ ಸ್ವರೂಪವೇನು? ನವೆಂಬರ್ ಕಳೆದಂತೆ ಮಳೆ ಹಿಮ್ಮೆಟ್ಟಿ, ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಬಾನು ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಮೂಡಣದ ಒಣಗಾಳಿ ಘಟ್ಟ ಇಳಿಯುವಾಗ ಅದುಮಲ್ಪಟ್ಟು ಬಿಸಿಯಾಗುತ್ತದೆ. 600 ಮೀಟರ್ ಇಳಿದರೆ ಸುಮಾರು 6 ಡಿಗ್ರಿ ಏರಿಕೆ. ಇಳಿಯುವ ಗಾಳಿಯಲ್ಲಿ ಮೋಡ ನಿಲ್ಲದು. ಕಡಲಗಾಳಿ ತಡವಾಗಿ ಬೀಸಿದ ದಿನ ಹೊನ್ನಾವರದ ಮಧ್ಯಾಹ್ನ ಬೇಸಿಗೆಯನ್ನೂ ನಾಚಿಸುವುದುಂಟು. ಬೆಳಗಿನ ಚಳಿಯೂ ಹಗಲಿನ ಉರಿಯೂ ಒಂದೇ ದಿನದ ಎರಡು ಮುಖಗಳು. ಮಾವಿನ ಹೂವಿಗೆ ತಂಪಾದ ರಾತ್ರಿ ಹಿತ. ಮೋಡ ಕವಿದ ರಾತ್ರಿಯಲ್ಲಿ ನೆಲದ ಕಾವು ಹೊರಹೋಗದೆ ಸೆಕೆ ಉಳಿಯುತ್ತದೆ. ತೇವ ಹೆಚ್ಚಿ ಹೂವಿಗೆ ಬೂದಿರೋಗ ತಗಲುವ ಸಂಭವವಿರುತ್ತದೆ.

ಆದರೆ ಈ ಕ್ರಮ ಈಗ ಅಷ್ಟು ನೆಚ್ಚಿಕೆಯದಾಗಿ ಉಳಿದಿಲ್ಲ. ಅರಬ್ಬೀ ಸಮುದ್ರ ಕಾಯುತ್ತಿದೆ. ಉಷ್ಣಾಂಶ 1 ಡಿಗ್ರಿ ಏರಿದರೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ಆವಿಯನ್ನು ಹಿಡಿಯಬಲ್ಲುದು. 2017ರ ನವೆಂಬರ್ ಕೊನೆಯಲ್ಲಿ ಎದ್ದ ಒಖಿ ಚಂಡಮಾರುತ ಕೇರಳ, ತಮಿಳುನಾಡುಗಳ ಅನೇಕ ಮೀನುಗಾರರನ್ನು ಬಲಿ ತೆಗೆದುಕೊಂಡಿತು. 2019ರಲ್ಲಿ ಈ ಸಮುದ್ರದಲ್ಲಿ ಐದು ಚಂಡಮಾರುತಗಳೆದ್ದವು. 2021ರ ನವೆಂಬರ್ ರಾಜ್ಯದಾದ್ಯಂತ ಅತಿವೃಷ್ಟಿಯ ತಿಂಗಳಾಯಿತು. ಸ್ವಾತಿ, ವಿಶಾಖ ಮಳೆಗಳ ಬಗ್ಗೆ ಹಿರಿಯರು ಕಟ್ಟಿದ ಲೆಕ್ಕ ಸುಳ್ಳಲ್ಲ; ಅದು ಹುಟ್ಟಿದ ಕಾಲದ ಸಮುದ್ರ ಇಂದು ಹಾಗಿಲ್ಲ.

ಹೀಗಿರುವಾಗ ಕಣ್ಣಿನ ಅರಿವನ್ನು ಹವಾಮಾನ ಇಲಾಖೆಯ ಮುನ್ಸೂಚನೆಯೊಡನೆ ಜೋಡಿಸಬೇಕಾಗಿದೆ. ಹೊನ್ನಾವರದಲ್ಲಿಯೂ ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲಿಯೂ ಇಲಾಖೆಯ ವೀಕ್ಷಣಾಲಯಗಳಿವೆ. ಆದರೆ ಒಂದು ಗುಡ್ಡದಾಚೆ ಸುರಿದ ಮಳೆ ಈಚೆ ಬೀಳದಿರಬಹುದು. ಅದನ್ನು ತಿಳಿಯಬಲ್ಲವರು ಊರಿನವರು ಮಾತ್ರ. ನೆಟ್ಟನೆಯ ಗೋಡೆಯ ಒಂದು ಪಾತ್ರೆ, ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ ಇಷ್ಟೇ ಸಾಕು. ಪಾತ್ರೆಯಲ್ಲಿ 1 ಮಿಲಿಮೀಟರ್ ನೀರು ನಿಂತರೆ ಚದರ ಮೀಟರಿಗೆ 1 ಲೀಟರ್ ಬಿದ್ದಂತೆ. ಬೆಳಿಗ್ಗೆ ಎಂಟೂವರೆಗೆ ಮಳೆಯ ಅಳತೆ, ಮಂಜು ಇತ್ತೇ ಇಲ್ಲವೇ ಎಂಬುದು, ಮಧ್ಯಾಹ್ನದ ಮೋಡದ ಬಗೆ, ಗಾಳಿಯ ದಿಕ್ಕು ಇವಿಷ್ಟನ್ನು ಒಂದೊಂದು ಶಾಲೆಯೂ ದಿನಂಪ್ರತಿ ಬರೆದಿಡಲಿ. ಜೊತೆಗೆ ಮಾವು ಹೂಬಿಟ್ಟ ದಿನವನ್ನೂ ಗುರುತಿಸಲಿ. ಹತ್ತು ಚಳಿಗಾಲಗಳ ಇಂಥ ಬರಹವಿದ್ದರೆ, ಹವೆ ಬದಲಾಗಿದೆಯೆಂಬ ಊರಿನ ದೂರಿಗೆ ಆಧಾರ ದೊರೆಯುತ್ತದೆ. ಬೆಳೆಹಾನಿಯ ಮಾತು ಬಂದಾಗ ಬರಿಗೈಯಲ್ಲಿ ನಿಲ್ಲಬೇಕಾಗಿಲ್ಲ.