ನೋವು ಹೋಯ್ತು, ಸರಿ. ಭುಜ ರೆಡಿ ಆಯ್ತಾ?

ಇವತ್ತಿನ ವಿಷಯ ಭುಜ. ಅದರಲ್ಲೂ ಶಟಲ್, ಟೆನಿಸ್ ಆಡೋರ ಭುಜ. ನಾನು ಓದಿದ್ದು ಬಿಕಾಂ, ಡಾಕ್ಟರ್ ಅಲ್ಲ. ಆದರೆ ವಾರಕ್ಕೆ ಮೂರು ಸಂಜೆ ಶಟಲ್ ಆಡ್ತೀನಿ. ಅಲ್ಲಿ ಒಂದೇ ಕಥೆ ಪದೇ ಪದೇ ನೋಡಿದ್ದೀನಿ.

ನನ್ನ ಡಬಲ್ಸ್ ಪಾರ್ಟ್‌ನರ್‌ಗೆ ಭುಜ ನೋವು ಬಂತು. ಒಂದು ತಿಂಗಳು ರ‍್ಯಾಕೆಟ್ ಮುಟ್ಟಲಿಲ್ಲ, ನೋವು ಹೋಯ್ತು. ವಾಪಸ್ ಬಂದ ದಿನವೇ ಜೋರಾಗಿ ಸ್ಮ್ಯಾಶ್ ಹೊಡೆದ. ಎರಡನೇ ಗೇಮ್‌ನಲ್ಲಿ ಭುಜ ಹಿಡ್ಕೊಂಡು ಕೂತ. "ಇನ್ನು ಆಟ ಬಿಟ್ಟುಬಿಡ್ತೀನಿ ಕಣೋ" ಅಂದ.

ರೆಸ್ಟ್ ನೋವು ಕಡಿಮೆ ಮಾಡುತ್ತೆ, ಶಕ್ತಿ ಕೊಡಲ್ಲ. ಭುಜದ ಕೀಲನ್ನು ಹಿಡಿದಿಡೋದು ರೊಟೇಟರ್ ಕಫ್ ಅನ್ನೋ 4 ಸ್ನಾಯುಗಳು. ಸ್ಮ್ಯಾಶ್ ಆದಮೇಲೆ ಮುಂದೆ ನುಗ್ಗೋ ಕೈಗೆ ಬ್ರೇಕ್ ಹಾಕೋದು ಅದರಲ್ಲಿ ಹಿಂಬದಿಯವು. ಸುಮ್ಮನೆ ಬಿಟ್ರೆ ಆ ಬ್ರೇಕ್ ಇನ್ನೂ ದುರ್ಬಲ ಆಗುತ್ತೆ. ಅಕೌಂಟ್‌ಗೆ ದುಡ್ಡು ಹಾಕದೆ ಎಟಿಎಂಗೆ ಹೋದ ಹಾಗೆ!

ಹಾಗಾದ್ರೆ ಏನು ಮಾಡಬೇಕು? ಮೊಣಕೈ ಮಡಚಿ ಪಕ್ಕೆಗೆ ಒತ್ತಿ, ನಡುವೆ ಸುತ್ತಿದ ಟವೆಲ್ ಇಟ್ಕೊಳ್ಳಿ. ಬಾಗಿಲ ಹಿಡಿಗೆ ಕಟ್ಟಿದ ರಬ್ಬರ್ ಬ್ಯಾಂಡ್ ಹಿಡಿದು ಮುಂಗೈಯನ್ನು ಹೊರಕ್ಕೆ ಎಳೀರಿ. ವಾಪಸ್ ಬರೋವಾಗ ನಿಧಾನ. ಬ್ರೇಕ್‌ಗೆ ತರಬೇತಿ ಸಿಗೋದು ಅಲ್ಲೇ. ಜೊತೆಗೆ ಬೆನ್ನಿನ ಹಲಗೆ ಮೂಳೆಯ ಸ್ನಾಯುಗಳಿಗೆ ಗೋಡೆ ಪುಷ್‌ಅಪ್, ಬ್ಯಾಂಡ್ ರೋಯಿಂಗ್. ಕಾಲು, ಸೊಂಟಕ್ಕೂ ವ್ಯಾಯಾಮ ಬೇಕು. ಹೊಡೆತದ ಬಲ ಹುಟ್ಟೋದು ಅಲ್ಲಿಂದ.

ಕೋರ್ಟ್‌ಗೆ ಮರಳೋದೂ ಮೆಟ್ಟಿಲು ಮೆಟ್ಟಿಲಾಗಿ. ಮೊದಲು ನೆಟ್ ಶಾಟ್, ಆಮೇಲೆ ಡ್ರೈವ್, ಅರ್ಧ ಬಲದ ಕ್ಲಿಯರ್. ಸ್ಮ್ಯಾಶ್ ಕೊನೆಗೆ. ಮಾರನೇ ಬೆಳಗ್ಗೆ ನೋವು ಹೆಚ್ಚಾಗಿದ್ರೆ ಒಂದು ಮೆಟ್ಟಿಲು ಕೆಳಗಿಳೀರಿ.

ಮರಿಯಾ ಶರಪೋವಾ ನೆನಪಿದ್ದಾರಾ? ರೊಟೇಟರ್ ಕಫ್ ಹರಿದು 2008ರ ಅಕ್ಟೋಬರ್‌ನಲ್ಲಿ ಭುಜದ ಸರ್ಜರಿ ಆಯ್ತು. ಸಿಂಗಲ್ಸ್‌ಗೆ ಮರಳಿದ್ದು 2009ರ ಮೇನಲ್ಲಿ. ಫ್ರೆಂಚ್ ಓಪನ್ ಗೆದ್ದಿದ್ದು 2012ರಲ್ಲಿ. ಅಂಥ ಆಟಗಾರ್ತಿಗೇ ಅಷ್ಟು ಸಮಯ ಹಿಡೀತು. ನಾವು ಒಂದು ತಿಂಗಳಲ್ಲಿ ಎಲ್ಲ ಮುಗೀಬೇಕು ಅಂತೀವಿ.

ಒಂದು ಎಚ್ಚರಿಕೆ. ಬಿದ್ದಮೇಲೆ ಕೈ ಎತ್ತೋಕೆ ಆಗ್ತಿಲ್ಲ, ರಾತ್ರಿ ನೋವಿಗೆ ನಿದ್ದೆ ಬರ್ತಿಲ್ಲ, ಕೈ ಜೋಮು ಹಿಡೀತಿದೆ ಅಂದ್ರೆ ನನ್ನ ಪಾಡ್‌ಕಾಸ್ಟ್ ನಿಲ್ಲಿಸಿ, ಡಾಕ್ಟರ್ ಹತ್ರ ಹೋಗಿ. ಉಳಿದವರು ಇವತ್ತೇ ಒಂದು ಬ್ಯಾಂಡ್ ತಗೊಳ್ಳಿ. ಹೊಸ ರ‍್ಯಾಕೆಟ್ ಆಮೇಲೆ ತಗೊಂಡ್ರಾಯ್ತು.