ಮರಳಿ ಕಲಿಯುವವರು ಮತ್ತು ಸಾಲದ ಕಾಗದ

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಮಾಜಿ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ಮಕ್ಕಳ ವಿದ್ಯೆಯ ಕುರಿತು ಈ ವೇದಿಕೆಯಿಂದ ಅನೇಕ ಒಳ್ಳೆಯ ಮಾತುಗಳು ಕೇಳಿಬಂದಿವೆ. ನಾವು ಇಂದು ಅವರ ತಂದೆ ತಾಯಂದಿರ ವಿದ್ಯೆಯ ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ. ಮೂವತ್ತೈದು, ನಲವತ್ತರ ವಯಸ್ಸಿನಲ್ಲಿ ಹೊಸ ಕಸುಬು ಕಲಿಯಲು ಹೊರಟವರು ನಮ್ಮ ನಡುವೆ ಇದ್ದಾರೆ. ಕಲಿಯುವ ಮನಸ್ಸು ಅವರಲ್ಲಿದೆ, ಶುಲ್ಕಕ್ಕೆ ಹಣವಿಲ್ಲ. ಆಗ ಖಾಸಗಿ ಸಾಲದ ಬಾಗಿಲು ತಟ್ಟುತ್ತಾರೆ.

ಅವರು ಹೀಗೆ ಹೊರಡುವುದಕ್ಕೆ ಕಾರಣವಿದೆ. ನೆರೆಯ ಇಚಲಕರಂಜಿಯಲ್ಲಿ ವಿಠ್ಠಲರಾವ ದಾತಾರರು 1904ರಲ್ಲಿ ಮೊದಲ ಪಾವರ್‌ಲೂಮ್ ಹೂಡಿದ ಮೇಲೆ ಸುತ್ತಲಿನ ಎಷ್ಟೋ ಮನೆಗಳ ಅನ್ನ ಮಗ್ಗದಿಂದಲೇ ಬಂದಿದೆ. ಇಂದು ಲಾಳಿಯಿಲ್ಲದ ಹೊಸ ಯಂತ್ರಗಳು ಬಂದಿವೆ. ಹಳೆಯ ಮಗ್ಗದ ಕೈಚಳಕವೊಂದೇ ಅಲ್ಲಿ ಸಾಲದು. ಕೃಷ್ಣೆ ಪಂಚಗಂಗೆಯರು ಕೂಡುವ ನಮ್ಮ ತಾಲೂಕು 2005, 2019 ಮತ್ತು 2021ರ ಮಹಾಪೂರಗಳನ್ನು ಕಂಡಿದೆ. ಹೊಲವೊಂದನ್ನೇ ನಂಬಿದ ಮನೆಗೆ ಎರಡನೆಯ ಕಸುಬು ಬೇಕೆಂಬ ಪಾಠವನ್ನು ಆ ನೀರೇ ಕಲಿಸಿತು.

ದೊಡ್ಡವರು ಮರಳಿ ಕಲಿಯುವುದು ನಾಚಿಕೆಯ ವಿಷಯವಲ್ಲ. ನಮ್ಮ ಜಿಲ್ಲೆಯ ಕುಂಭೋಜದಲ್ಲಿ 1887ರಲ್ಲಿ ಜನಿಸಿದ ಕರ್ಮವೀರ ಭಾವೂರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ದುಡಿಯುತ್ತಲೇ ಕಲಿಯುವ ಮಾರ್ಗವನ್ನು ಬಡವರಿಗೆ ತೆರೆದರು. ಸರಕಾರಿ ಐಟಿಐಯ ಪ್ರವೇಶಕ್ಕೆ ಕನಿಷ್ಠ 14 ವರ್ಷವಾಗಿರಬೇಕು, ಅಷ್ಟೇ. ಗರಿಷ್ಠ ವಯಸ್ಸಿನ ಕಟ್ಟಿಲ್ಲ. ಬಾಗಿಲು ತೆರೆದಿದೆ ಎಂಬುದನ್ನು ಮೊದಲು ತಿಳಿಯಬೇಕು.

ಖಾಸಗಿ ಸಾಲಕ್ಕೆ ಕೈಚಾಚುವ ಮುನ್ನ ಅದಕ್ಕಿಂತ ಹಗುರವಾದ ದಾರಿಗಳನ್ನು ನೋಡಬೇಕು. ದರ್ಜಿ, ಬಡಿಗ, ಕುಂಬಾರ, ಗೌಂಡಿ ಮೊದಲಾದ 18 ಕಸುಬುಗಳವರಿಗೆ 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಿದೆ. ಅದರಲ್ಲಿ ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆಯೂ, ಸಲಕರಣೆಗೆ 15,000 ರೂಪಾಯಿ ನೆರವೂ ಉಂಟು. ಮೊದಲ ಕಂತಿನ ಒಂದು ಲಕ್ಷದ ಸಾಲಕ್ಕೆ ಬಡ್ಡಿ ಶೇಕಡಾ 5 ಮಾತ್ರ. ಬೇರೆ ಕಸುಬು ಕಲಿಯುವವರಿಗೆ 2015ರಿಂದ ಬ್ಯಾಂಕುಗಳ ಮೂಲಕ ಕೌಶಲ್ಯ ಸಾಲ ಯೋಜನೆ ನಡೆದಿದೆ. ಅದರ ಮಿತಿ ಒಂದೂವರೆ ಲಕ್ಷವಿದ್ದುದು 2024ರಲ್ಲಿ ಏಳೂವರೆ ಲಕ್ಷಕ್ಕೆ ಏರಿತು. ಸರಕಾರಿ ನಿಧಿಯ ಖಾತರಿ ಇದಕ್ಕಿದೆ. ಈ ಎರಡನ್ನೂ ವಿಚಾರಿಸದೆ ಬೇರೆಡೆಗೆ ಹೋಗಬಾರದು.

ಇನ್ನು ಖಾಸಗಿ ಸಾಲದ ಮಾತು. ಎಲ್ಲ ಖಾಸಗಿ ಸಂಸ್ಥೆಗಳೂ ಕೆಟ್ಟವಲ್ಲ. ಆದರೆ ಅದರ ನಡೆಯನ್ನು ಅರಿತಿರಬೇಕು. ಕೆಲವು ತರಬೇತಿ ಕೇಂದ್ರಗಳು ಪ್ರವೇಶದ ಮೇಜಿನ ಮೇಲೆಯೇ “ಶುಲ್ಕವನ್ನು ಕಂತಿನಲ್ಲಿ ಕೊಡಿ” ಎಂದು ಮೊಬೈಲಿನಲ್ಲಿ ಅರ್ಜಿ ತುಂಬಿಸುತ್ತವೆ. ಕಲಿಯುವವರು ಅದನ್ನು ಶುಲ್ಕದ ಕಂತೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಬೇರೊಂದು ಹಣಕಾಸು ಸಂಸ್ಥೆಯ ಸಾಲ. ಪೂರ್ಣ ಶುಲ್ಕ ಕೇಂದ್ರಕ್ಕೆ ಮೊದಲೇ ಸೇರುತ್ತದೆ, ಋಣ ಮಾತ್ರ ಕಲಿಯುವವರ ಹೆಸರಿನಲ್ಲಿ ಉಳಿಯುತ್ತದೆ. ತರಗತಿ ನಡುವೆಯೇ ನಿಂತರೂ ಕಂತು ತಾನಾಗಿ ನಿಲ್ಲುವುದಿಲ್ಲ.

ಬಡ್ಡಿಯ ಲೆಕ್ಕವನ್ನೂ ನೋಡೋಣ. ಒಂದು ಲಕ್ಷ ರೂಪಾಯಿ, ಮೂರು ವರ್ಷ, ಶೇಕಡಾ 12. ಉಳಿದ ಬಾಕಿಯ ಮೇಲೆ ಬಡ್ಡಿ ಹಾಕಿದರೆ ತಿಂಗಳಿಗೆ ಸುಮಾರು 3,321 ರೂಪಾಯಿ ಕಂತು. ಒಟ್ಟು ಬಡ್ಡಿ 20,000ದ ಒಳಗೆ. ಅದೇ 12ನ್ನು ‘ಫ್ಲ್ಯಾಟ್’ ದರವೆಂದು ಪೂರ್ಣ ಮೊತ್ತದ ಮೇಲೆ ಮೂರು ವರ್ಷವೂ ಹಾಕಿದರೆ ಕಂತು 3,778 ರೂಪಾಯಿ; ಬಡ್ಡಿ 36,000. ನಿಜವಾದ ದರ ಆಗ ಶೇಕಡಾ 21ಕ್ಕೆ ಮುಟ್ಟುತ್ತದೆ. ಬಾಯಲ್ಲಿ ಹೇಳಿದ ಅಂಕಿ ಒಂದೇ, ಮನೆಯಿಂದ ಹೋಗುವ ಹಣ ಬೇರೆ. ಈ ಗಣಿತ ನಮ್ಮ ಶಾಲೆಯ ಪಾಠದಲ್ಲಿಯೇ ಇದೆ. ಮಕ್ಕಳಿಂದಲೇ ಲೆಕ್ಕ ಮಾಡಿಸಿರಿ.

ನಮ್ಮಂಥ ಗಡಿಯ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ನಾವು ಓದಿದ್ದು ಕನ್ನಡ. ಸಾಲದ ಕಾಗದ ಬರುವುದು ಇಂಗ್ಲಿಷಿನಲ್ಲಿ, ತಪ್ಪಿದರೆ ಮರಾಠಿಯಲ್ಲಿ. ಮರಾಠಿಯನ್ನು ನಾವು ಪ್ರೀತಿಯಿಂದ ಮಾತನಾಡುತ್ತೇವೆ. ಆದರೂ ಪೇಟೆಯಲ್ಲಿ ಆಡುವ ಮಾತು ಬೇರೆ, ಕರಾರುಪತ್ರದ ಭಾಷೆ ಬೇರೆ. ಓದಲಾಗದ ಕಾಗದಕ್ಕೆ ಸಂಕೋಚದಿಂದ ಸಹಿ ಹಾಕುವವರನ್ನು ಕಂಡಾಗ, ಅವರಿಗೆ ಅಕ್ಷರ ಕಲಿಸಿದ ನಮಗೆ ನೋವಾಗುತ್ತದೆ.

ಈ ಸಂಕೋಚ ಬೇಡ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಗಳಿಗೆ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’, ಅಂದರೆ ಸಾಲದ ಮುಖ್ಯ ಸಂಗತಿಗಳ ಪತ್ರ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಬ್ಯಾಂಕುಗಳಿಗೂ ಖಾಸಗಿ ಹಣಕಾಸು ಕಂಪನಿಗಳಿಗೂ ಇದು ಅನ್ವಯಿಸುತ್ತದೆ. ಎಲ್ಲ ಖರ್ಚೂ ಸೇರಿದ ವಾರ್ಷಿಕ ದರ ಅದರಲ್ಲಿರಬೇಕು. ಅದು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅವರಿಗೆ ವಿವರಿಸಿ ಹೇಳಬೇಕು. ಅದರಲ್ಲಿ ನಮೂದಿಸದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ಕೊಟ್ಟ ಪತ್ರ ಕನಿಷ್ಠ ಮೂರು ಕೆಲಸದ ದಿನ ಊರ್ಜಿತದಲ್ಲಿರಬೇಕು. “ಇಂದೇ ಸಹಿ ಮಾಡಿ” ಎಂಬ ಅವಸರಕ್ಕೆ ಮಣಿಯಬೇಕಾಗಿಲ್ಲ. “ನಮಗೆ ಕನ್ನಡದಲ್ಲಿ ಕೊಡಿರಿ” ಎಂದು ಕೇಳುವುದು ಉಪಕಾರ ಬೇಡಿದಂತಲ್ಲ. ನ್ಯಾಯವಾದ ಹಕ್ಕು ಕೇಳಿದಂತೆ. ದೂರಿಗೆ ಸಂಸ್ಥೆ ಮೂವತ್ತು ದಿನಗಳಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಬರೆಯಬಹುದು, ಅದಕ್ಕೆ ಖರ್ಚಿಲ್ಲ.

ಸಾಲವೆಂದರೆ ಶಾಪವೇ ಎಂದು ನಮ್ಮ ಹಿರಿಯರು ತಿಳಿದಿರಲಿಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿ ನಾಡಿಗೆ ಮಾದರಿಯಾದರು. ಅಲ್ಲಿ ಸಾಲ ಕೊಡುವವರೂ ಪಡೆಯುವವರೂ ಒಂದೇ ಊರಿನವರು, ಒಂದೇ ಭಾಷೆಯವರು; ಲೆಕ್ಕ ಎಲ್ಲರಿಗೂ ತಿಳಿಯುತ್ತಿತ್ತು. ಆ ತಿಳಿವು ಇಂದಿನ ಸಾಲಕ್ಕೂ ಬೇಕು.

ಆದುದರಿಂದ ಶತಮಾನದ ಈ ವರ್ಷದಲ್ಲಿ ನಾವು ಶಿಕ್ಷಕರೆಲ್ಲ ಕೂಡಿ ಒಂದು ನಿರ್ಧಾರ ಮಾಡಿದ್ದೇವೆ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಶಿಕ್ಷಕರ ಕೋಣೆ ತೆರೆದಿರುತ್ತದೆ. ಸಾಲದ ಕಾಗದ ಹಿಡಿದು ಯಾರೇ ಬಂದರೂ ಸಾಲುಸಾಲಾಗಿ ಓದಿ ಕನ್ನಡದಲ್ಲಿ ತಿಳಿಸುತ್ತೇವೆ. ಸಾಲ ಪಡೆಯಿರಿ, ಬಿಡಿರಿ ಎಂದು ನಾವು ಹೇಳುವುದಿಲ್ಲ. ಆ ತೀರ್ಮಾನ ನಿಮ್ಮದು. ಬ್ಯಾಂಕಿನಲ್ಲಿ, ಕಚೇರಿಗಳಲ್ಲಿ ಕೆಲಸ ಮಾಡುವ ಮಾಜಿ ವಿದ್ಯಾರ್ಥಿಗಳು ತಿಂಗಳಿಗೊಂದು ಶನಿವಾರ ನಮ್ಮೊಡನೆ ಕೂತರೆ, ಶಾಲೆಗೆ ಅದಕ್ಕಿಂತ ದೊಡ್ಡ ದೇಣಿಗೆ ಬೇರಿಲ್ಲ.