ಆಪ್ತರ ಮಾತು, ಪ್ರಮಾಣದ ಮಾತು

(ರಾಕ್‌ವಿಲ್‌ನ ಕನ್ನಡಿಗರ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ತಾಯ್ನಾಡಿನಿಂದ ದೂರ ಬಂದು ನೆಲೆಸಿದ ನಮಗೆ ಪರಸ್ಪರರ ಮಾತೇ ದೊಡ್ಡ ಆಸರೆ. ಮಕ್ಕಳ ಶಾಲೆಯಿರಲಿ, ಮನೆಯ ಸಾಲವಿರಲಿ, ಊರಿನಿಂದ ಬಂದ ತಂದೆತಾಯಿಯರ ಮಂಡಿನೋವಿರಲಿ, ನಾವು ಮೊದಲು ವಿಚಾರಿಸುವುದು ಇನ್ನೊಬ್ಬ ಕನ್ನಡಿಗರನ್ನೇ. ವಿಚಾರಿಸುವುದು ತಪ್ಪಲ್ಲ. ಆದರೆ ದೊರೆತ ಅಭಿಪ್ರಾಯವನ್ನು ಎಷ್ಟರಮಟ್ಟಿಗೆ ನಂಬಬೇಕು? ಇದನ್ನು ನಿರ್ಣಯಿಸಲು ಮೂರು ಪ್ರಶ್ನೆಗಳು ಸಹಾಯಕವೆಂದು ನನ್ನ ಭಾವನೆ.

ಮೊದಲನೆಯದು: ಹೇಳುವವರು ಕಂಡು ಹೇಳುತ್ತಿದ್ದಾರೆಯೋ, ಕೇಳಿ ಹೇಳುತ್ತಿದ್ದಾರೆಯೋ? 2012ರ ಆಗಸ್ಟ್‌ನಲ್ಲಿ ಈಶಾನ್ಯ ಭಾರತದ ಸಾವಿರಾರು ಮಂದಿ ಬೆಂಗಳೂರನ್ನು ತೊರೆದು ಗುವಾಹಟಿಯ ರೈಲು ಹತ್ತಿದರು. ರಂಜಾನ್ ಮುಗಿದೊಡನೆ ತಮ್ಮ ಮೇಲೆ ದಾಳಿ ನಡೆಯಲಿದೆಯೆಂಬ ವದಂತಿ ಮೊಬೈಲ್ ಸಂದೇಶಗಳಲ್ಲಿ ಹಬ್ಬಿತ್ತು. ಒಂದೇ ಮಾತನ್ನು ಹತ್ತು ಜನರಿಂದ ಕೇಳಿದವನಿಗೆ ಹತ್ತು ಸಾಕ್ಷಿಗಳು ದೊರೆತಂತೆ ತೋರುತ್ತದೆ. ಹತ್ತೂ ಜನರು ಒಂದೇ ಮೂಲದ ಮಾತನ್ನು ಒಪ್ಪಿಸಿದ್ದರೆ ಅದು ಒಂದು ಸಾಕ್ಷ್ಯವೂ ಆಗದಿರಬಹುದು. ವದಂತಿ ಸಾರಿದ ಆ ಸಾಮೂಹಿಕ ದಾಳಿ ಬೆಂಗಳೂರಿನಲ್ಲಿ ನಡೆಯಲಿಲ್ಲ. ಕೆಲಸ, ಓದು ಬಿಟ್ಟು ಓಡಿದವರ ಸಂಕಟ ಮಾತ್ರ ನಿಜವಾಗಿತ್ತು.

ಎರಡನೆಯದು: ಅವರು ಕಂಡದ್ದೆಷ್ಟು, ಊಹಿಸಿದ್ದೆಷ್ಟು? 1995ರ ಸೆಪ್ಟೆಂಬರ್ 21ರಂದು ಗಣಪತಿಯ ವಿಗ್ರಹಗಳು ಹಾಲು ಕುಡಿಯುತ್ತಿವೆಯೆಂಬ ಸುದ್ದಿ ದೂರವಾಣಿಯ ಮೂಲಕ ಒಂದೇ ದಿನದಲ್ಲಿ ಹೊರದೇಶಗಳಿಗೂ ತಲುಪಿತು. ಚಮಚದ ಹಾಲು ಕಡಮೆಯಾದುದನ್ನು ಕಂಡವರು ಸುಳ್ಳಾಡಲಿಲ್ಲ. ದೆಹಲಿಯಲ್ಲಿ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ನೋಡಿದಾಗ, ಆ ಹಾಲು ತೆಳುವಾದ ಪದರವಾಗಿ ವಿಗ್ರಹದ ಮೇಲೆಯೇ ಇಳಿದುದು ತಿಳಿಯಿತು. ಕಣ್ಣು ಕಂಡದ್ದು ಸರಿ; ಮನಸ್ಸು ಕಟ್ಟಿದ ತೀರ್ಮಾನ ಬೇರೆ.

ಮೂರನೆಯದು, ನಮ್ಮ ಮನೆಗಳಿಗೆ ಅತ್ಯಂತ ಹತ್ತಿರದ್ದು: ಹೇಳುವವರ ಕಣ್ಣಿಗೆ ಬೀಳದೆ ಉಳಿದದ್ದೇನು? "ಈ ಪುಡಿ ತೆಗೆದುಕೊಂಡೆ, ನೋವು ಹೋಯಿತು, ಏನೂ ತೊಂದರೆಯಾಗಲಿಲ್ಲ" ಎಂದು ಗೆಳೆಯರು ಪ್ರಾಮಾಣಿಕವಾಗಿಯೇ ಹೇಳಬಹುದು. ಆದರೆ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತು. ಸೀಸವು ನಾಲಿಗೆಗೆ ತಿಳಿಯದು. ಬಹುಕಾಲ ಯಾವ ಲಕ್ಷಣವನ್ನೂ ತೋರದೆ ಇರಬಹುದು. ಎಳೆಯ ಮಕ್ಕಳ ಮಿದುಳಿಗೆ ಅದರಿಂದ ಹೆಚ್ಚಿನ ಹಾನಿ. ಅದನ್ನು ತಿಳಿಸುವುದು ರಕ್ತಪರೀಕ್ಷೆ, ಅನುಭವದ ಮಾತಲ್ಲ. ಉಳಿದ 56ರಲ್ಲಿ ಈ ಲೋಹಗಳು ಕಾಣಲಿಲ್ಲವೆಂಬುದನ್ನೂ ನೆನಪಿಡೋಣ. "ನಾಡಮದ್ದೆಲ್ಲ ವಿಷ" ಎಂಬುದೂ ಪರೀಕ್ಷಿಸದ ಅಭಿಪ್ರಾಯವೇ.

ಈ ವಿವೇಕ ನಮಗೆ ಹೊಸದಲ್ಲ. ನಮ್ಮ ನ್ಯಾಯಶಾಸ್ತ್ರವು ಆಪ್ತನ ಮಾತನ್ನು ಪ್ರಮಾಣವೆಂದು ಒಪ್ಪುತ್ತದೆ. ಆದರೆ ಆಪ್ತನೆಂದರೆ ಬರಿಯ ಬಂಧುವಲ್ಲ. ವಿಷಯವನ್ನು ಸ್ವತಃ ಅರಿತಿರಬೇಕು, ಅರಿತಂತೆ ತಿಳಿಸುವ ಇಚ್ಛೆಯೂ ಇರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಭಾಷ್ಯಕಾರ ವಾತ್ಸ್ಯಾಯನನು ಹೇಳುತ್ತಾನೆ. ನಮ್ಮವರಲ್ಲಿ ಎರಡನೆಯ ಗುಣಕ್ಕೆ ಕೊರತೆಯಿಲ್ಲ. ಮೊದಲನೆಯದನ್ನು ನಾವು ವಿಚಾರಿಸುವುದಿಲ್ಲ.

1820ರಲ್ಲಿ ಸ್ಥಾಪಿತವಾಗಿ ಔಷಧಿಗಳ ಗುಣಮಟ್ಟವನ್ನು ನಿಗದಿಪಡಿಸುತ್ತ ಬಂದಿರುವ ಯು.ಎಸ್. ಫಾರ್ಮಕೋಪಿಯಾದ ಕೇಂದ್ರ ಕಚೇರಿ ಇದೇ ರಾಕ್‌ವಿಲ್‌ನಲ್ಲಿದೆ. ಔಷಧಿಯ ಶುದ್ಧತೆಗೆ ಅಳತೆಗೋಲು ಬೇಕೆಂದು ಒಪ್ಪುವ ನಾವು, ಅದನ್ನು ಕುರಿತ ಮಾತಿಗೂ ಒಂದು ಅಳತೆಗೋಲನ್ನು ಇಟ್ಟುಕೊಳ್ಳಬೇಡವೇ?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಮುಂದಿನ ಸಲ ಗೆಳೆಯರು ಸಲಹೆ ನೀಡಿದಾಗ "ನಿಮಗೆ ಹೇಗೆ ತಿಳಿಯಿತು?" ಎಂದು ಪ್ರೀತಿಯಿಂದಲೇ ಕೇಳೋಣ. ಇತರರು ನಮ್ಮನ್ನು ಕೇಳಿದಾಗ, ತಿಳಿಯದಿದ್ದರೆ "ತಿಳಿಯದು" ಎನ್ನುವ ಧೈರ್ಯವನ್ನೂ ತೋರೋಣ.